ಯಾರ ಕರ್ಮ, ಯಾರ ಗಾಳಿ

ಟರ್ಕಿಯ ಕಪ್ಪದೋಕಿಯಾ ಸೀಮೆಯಲ್ಲಿ ಕರಾಯಿನ್ ಎಂಬ ಹಳ್ಳಿ ಇದೆ. ಪುರಾತನ ಜ್ವಾಲಾಮುಖಿಗಳ ಬೂದಿ ಗಟ್ಟಿಗೊಂಡು ಆದ ಮೆದುಕಲ್ಲೇ ಅಲ್ಲಿನ ನೆಲ. ಅದನ್ನು ಕಡಿದು ಗೋಡೆ ಎಬ್ಬಿಸಿ, ಬಂಡೆಯ ಮೈಯನ್ನೇ ಕೊರೆದು ಕೋಣೆ ಮಾಡಿಕೊಂಡು ಜನ ತಲೆಮಾರುಗಟ್ಟಲೆ ಬಾಳಿದ್ದರು. 1970ರ ದಶಕದಲ್ಲಿ ಇಜ್ಜೆತ್ತಿನ್ ಬಾರಿಷ್ ಎಂಬ ಎದೆರೋಗದ ವೈದ್ಯರು ಆ ಊರಿನ ಸಾವುಗಳ ಲೆಕ್ಕ ತೆಗೆದಾಗ, ಸತ್ತವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಯನ್ನು ಒಂದೇ ಕಾಯಿಲೆ ಒಯ್ದಿರುವುದು ಕಂಡಿತು. ಅದು ಮೆಸೊಥೆಲಿಯೋಮಾ: ಶ್ವಾಸಕೋಶವನ್ನು ಸುತ್ತಿಕೊಂಡಿರುವ ತೆಳುಪೊರೆಯ ಕ್ಯಾನ್ಸರ್. ಬೇರೆಡೆ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಕೆಲವರಿಗೆ ಮಾತ್ರ ಬರುವಂಥದ್ದು. ಹತ್ತಿರದ ಕಾರ್ಲಿಕ್ ಹಳ್ಳಿಯವರೂ ಅದೇ ದೇವರಿಗೆ ನಮಾಜು ಮಾಡುವವರು, ಅದೇ ಗೋಧಿಯ ರೊಟ್ಟಿ ತಿನ್ನುವವರು. ಅಲ್ಲಿ ಈ ಕಾಯಿಲೆಯ ಸುಳಿವಿಲ್ಲ.

ಕರಾಯಿನ್‌ನಲ್ಲಿ ಕಾರ್ಖಾನೆ ಇರಲಿಲ್ಲ, ಕಲ್ನಾರಿನ ಗಣಿಯೂ ಇರಲಿಲ್ಲ. ಕೆಲವು ಮನೆಗಳಲ್ಲಿ ಸಾವು ಸಾಲುಸಾಲಾಗಿ ಬರುತ್ತಿತ್ತು. ಅಂಥ ಮನೆಗಳು ಯಾವುವೆಂದು ಊರಿಗೆಲ್ಲ ಗೊತ್ತಿತ್ತು. ಕೊನೆಗೆ ಗೋಡೆಯ ಕಲ್ಲು, ಬೀದಿಯ ಧೂಳು, ರೋಗಿಗಳ ಶ್ವಾಸಕೋಶದ ತುಣುಕು ಇವನ್ನೆಲ್ಲ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಎರಿಯೋನೈಟ್ ಎಂಬ ಖನಿಜದ, ಕಣ್ಣಿಗೆ ಕಾಣದ ನಾರು ಸಿಕ್ಕಿತು. ಕಾರ್ಲಿಕ್‌ನ ಕಲ್ಲಿನ ಗುಣ ಬೇರೆ. ಕರಾಯಿನ್‌ನಲ್ಲಿ ಅಂಗಳ ಗುಡಿಸಿದ್ದು, ಗೋಡೆಯ ಬುಡದಲ್ಲಿ ಮಕ್ಕಳು ಆಡಿದ್ದು, ಮನೆಯೊಳಗೆ ಮಲಗಿ ಉಸಿರಾಡಿದ್ದು, ಇಷ್ಟೇ ಸಾಕಾಗಿತ್ತು.

‘ನಾನು ಯಾರಿಗೆ ಏನು ಕೆಡುಕು ಮಾಡಿದ್ದೆ?’ ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮನುಷ್ಯ ಮೊದಲು ಕೇಳಿಕೊಳ್ಳುವ ಪ್ರಶ್ನೆಗಳಲ್ಲಿ ಇದೊಂದು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಸರದಿಗೆ ಕಾದು ಕೂತವರ ನಡುವೆಯೂ ಈ ಪ್ರಶ್ನೆ ಓಡಾಡುತ್ತದೆ. ಉತ್ತರ ಕೊಡಲು ಸುತ್ತಲಿನವರು ಸಿದ್ಧರಾಗಿಯೇ ಇರುತ್ತಾರೆ: ಪ್ರಾರಬ್ಧ, ಹಣೆಬರಹ, ಹಿಂದಿನ ಜನ್ಮದ ಬಾಕಿ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆಯನ್ನು ಬಾಯಿಬಿಟ್ಟು ಹೇಳದಿದ್ದರೂ ಅನೇಕರು ಮನಸ್ಸಿನಲ್ಲಿ ಅಂದುಕೊಳ್ಳುತ್ತಾರೆ. ಇದೇ ಪ್ರಶ್ನೆಯನ್ನು ಹೊತ್ತು ಇನ್ನೊಂದು ದಾರಿ ಹಿಡಿದವರು ಎಕ್ಸ್‌ಪೋಶರ್ ವಿಜ್ಞಾನಿಗಳು. ಕ್ಯಾನ್ಸರ್ ತರುವ ವಸ್ತುಗಳು ಯಾರ ಮೈಗೆ, ಯಾವ ದಾರಿಯಲ್ಲಿ, ಎಷ್ಟು ವರ್ಷ, ಎಷ್ಟು ಪ್ರಮಾಣದಲ್ಲಿ ಸೇರಿದವು ಎಂದು ಅಳೆಯುವುದು ಇವರ ಕೆಲಸ. ಅವರ ಕೈಯಲ್ಲಿರುವುದು ಪಂಪು, ಸೋಸುಕಾಗದ, ಪ್ರಶ್ನಾವಳಿ. ಆದರೆ ಅವರು ನಿಂತಿರುವ ಜಾಗ ಮಾತ್ರ ಧರ್ಮಶಾಸ್ತ್ರದ ಹಳೆಯ ಜಗಳದ ನಟ್ಟನಡುವೆ.

ಆ ಜಗಳ ಎಷ್ಟು ಹಳೆಯದೆಂದು ತಿಳಿಯಲು ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವನ್ನು ತೆರೆಯಬೇಕು. ಪಾಂಚಾಲ ದೇಶದ ಕಾಂಪಿಲ್ಯದ ಬಳಿ, ಗಂಗೆಯ ದಡದ ಕಾಡಿನಲ್ಲಿ ಪುನರ್ವಸು ಆತ್ರೇಯರು ಶಿಷ್ಯರೊಡನೆ ನಡೆಯುತ್ತಿದ್ದಾರೆ. ಅಗ್ನಿವೇಶ ಒಂದು ಸಂದೇಹ ಎತ್ತುತ್ತಾನೆ. ಮನುಷ್ಯರ ಪ್ರಕೃತಿ ಬೇರೆ, ಆಹಾರ ಬೇರೆ, ಬಲ ಬೇರೆ, ವಯಸ್ಸು ಬೇರೆ. ಹೀಗಿರುವಾಗ ಒಂದೇ ರೋಗ ಒಂದೇ ಕಾಲಕ್ಕೆ ಇಡೀ ಜನಪದವನ್ನು ಹೇಗೆ ನಾಶಮಾಡುತ್ತದೆ? ಪ್ರಶ್ನೆ ಕರಾಯಿನ್‌ನದೇ. ಆತ್ರೇಯರು ಹೇಳುವುದು ಇಷ್ಟು: ಜನರು ಬೇರೆಬೇರೆಯಾದರೂ ಅವರೆಲ್ಲರಿಗೂ ಸಮಾನವಾದ ನಾಲ್ಕು ಸಂಗತಿಗಳಿವೆ. ಗಾಳಿ, ನೀರು, ನೆಲ, ಕಾಲ. ಇವು ಕೆಟ್ಟರೆ ಎಲ್ಲರೂ ಕೆಡುತ್ತಾರೆ.

ಇವು ಕೆಡುವುದಾದರೂ ಏಕೆ ಎಂದು ಅಗ್ನಿವೇಶ ಮತ್ತೆ ಕೇಳುತ್ತಾನೆ. ಇಲ್ಲಿ ಆತ್ರೇಯರು ಅಧರ್ಮದ ಮಾತು ತೆಗೆಯುತ್ತಾರೆ, ಹಿಂದಿನ ಜನ್ಮದ ಕರ್ಮವನ್ನೂ ಬಿಡುವುದಿಲ್ಲ. ಆದರೆ ಅವರು ಬೆರಳು ತೋರಿಸುವುದು ಹಾಸಿಗೆ ಹಿಡಿದವನ ಕಡೆಗಲ್ಲ. ದೇಶದ, ನಗರದ, ವರ್ತಕರ ಸಂಘದ, ಜನಪದದ ಮುಖ್ಯಸ್ಥರು ಧರ್ಮ ಮೀರಿ ನಡೆದಾಗ ಅವರ ಆಶ್ರಯದಲ್ಲಿರುವವರೂ ವ್ಯಾಪಾರ ಮಾಡುವವರೂ ಆ ಅಧರ್ಮವನ್ನು ಬೆಳೆಸುತ್ತಾರೆ, ಅದರಿಂದ ಗಾಳಿ ನೀರು ಕೆಡುತ್ತವೆ ಎಂಬುದು ಅವರ ವಿವರಣೆ. ಅದೇ ಅಧ್ಯಾಯದಲ್ಲಿ ಮುಂದೆ ಆಯುಸ್ಸು ದೈವ ಮತ್ತು ಪುರುಷಕಾರ ಎರಡನ್ನೂ ಅವಲಂಬಿಸಿದೆ, ಎಲ್ಲವೂ ಮೊದಲೇ ನಿಗದಿಯಾಗಿದ್ದರೆ ಔಷಧಕ್ಕೆ ಅರ್ಥವೇ ಇರುತ್ತಿರಲಿಲ್ಲ ಎಂಬ ವಾದವೂ ಬರುತ್ತದೆ. ಬುದ್ಧನ ಮಾತುಗಳನ್ನು ಸಂಗ್ರಹಿಸಿದ ಸಂಯುತ್ತ ನಿಕಾಯದಲ್ಲಿ ಸೀವಕ ಎಂಬ ಪರಿವ್ರಾಜಕನ ಪ್ರಸಂಗವಿದೆ. ಮನುಷ್ಯ ಅನುಭವಿಸುವುದೆಲ್ಲ ಹಿಂದಿನ ಕರ್ಮದ ಫಲವೇ ಎಂದು ಅವನು ಕೇಳಿದಾಗ ಬುದ್ಧ ಒಪ್ಪುವುದಿಲ್ಲ. ಪಿತ್ತ, ಕಫ, ವಾತ, ಇವುಗಳ ಕೂಟ, ಋತುವಿನ ಬದಲಾವಣೆ, ಮೈಯನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು ಎಂದು ಏಳು ಕಾರಣ ಹೇಳಿ, ಕರ್ಮವನ್ನು ಎಂಟನೆಯದಾಗಿ ಸೇರಿಸುತ್ತಾನೆ. ಎಲ್ಲವನ್ನೂ ಕರ್ಮದ ಖಾತೆಗೆ ಹಾಕುವವರು ತಾವೇ ಬಲ್ಲ ಸಂಗತಿಯನ್ನೂ ಲೋಕವೇ ಒಪ್ಪಿದ ಸಂಗತಿಯನ್ನೂ ಮೀರುತ್ತಿದ್ದಾರೆ ಎಂಬುದು ಅವನ ಆಕ್ಷೇಪ.

ಈ ಗ್ರಂಥಗಳಲ್ಲಿ ಆಧುನಿಕ ವಿಜ್ಞಾನವನ್ನು ಹುಡುಕುವುದು ತಪ್ಪು. ಕ್ಯಾನ್ಸರಿನ ಅಳತೆಗಳು ಅವುಗಳಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಕರ್ಮವನ್ನು ನಂಬಿದ ಪರಂಪರೆಯೇ ರೋಗಿಯ ಮೇಲೆ ಪಾಪ ಹೊರಿಸುವುದಕ್ಕೆ ಮೊದಲು ಗಾಳಿಯನ್ನು, ನೀರನ್ನು, ಆಳುವವರನ್ನು ವಿಚಾರಿಸಿತು ಎಂಬುದನ್ನು ನಾವು ಮರೆತಿದ್ದೇವೆ. ತನ್ನ ನೋವಿಗೆ ತಾನೇ ಪ್ರಾರಬ್ಧವೆಂದು ಹೇಳಿಕೊಂಡು ಯಾರಾದರೂ ಸಮಾಧಾನ ಪಡೆದರೆ ಅದನ್ನು ಕಸಿಯುವ ಹಕ್ಕು ಯಾವ ವಿಜ್ಞಾನಿಗೂ ಇಲ್ಲ. ಅದೇ ಮಾತನ್ನು ಇನ್ನೊಬ್ಬರ ನೋವಿಗೆ ಅಂಟಿಸುವುದು ಬೇರೆಯೇ ವಿಷಯ. ಆಗ ಆ ಮಾತು ಗೋಡೆಯ ಕಲ್ಲನ್ನೂ ಕಾರ್ಖಾನೆಯ ಚಿಮಣಿಯನ್ನೂ ತನಿಖೆಯಿಂದ ಪಾರುಮಾಡುತ್ತದೆ.

ಫ್ರಾನ್ಸಿನ ಲಿಯೋನ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿ 1965ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಅಂದರೆ ಐಎಆರ್‌ಸಿ, ಈ ತನಿಖೆಯ ದೊಡ್ಡ ಚಾವಡಿ. ಇಟಲಿಯ ಲೊರೆಂಜೊ ತೊಮಾತಿಸ್ 1970ರ ದಶಕದ ಆರಂಭದಲ್ಲಿ ಅಲ್ಲಿ ಶುರುಮಾಡಿದ ಮಾನೋಗ್ರಾಫ್ ಮಾಲೆಯಲ್ಲಿ ಇದುವರೆಗೆ ಸಾವಿರಕ್ಕೂ ಹೆಚ್ಚು ವಸ್ತುಗಳ, ಉದ್ಯೋಗಗಳ, ಅಭ್ಯಾಸಗಳ ಪರಿಶೀಲನೆ ನಡೆದಿದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವೆನ್ನುವ ಒಂದನೇ ಗುಂಪಿನಲ್ಲಿ 120ಕ್ಕೂ ಹೆಚ್ಚು ಇವೆ. ಎರಿಯೋನೈಟ್ 1987ರಲ್ಲಿ ಅಲ್ಲಿಗೆ ಸೇರಿತು, ಹೊರಗಿನ ಗಾಳಿಯ ಮಾಲಿನ್ಯ 2013ರಲ್ಲಿ, ಬೆಂಕಿ ಆರಿಸುವವರ ಉದ್ಯೋಗ 2022ರಲ್ಲಿ. ಒಂದೊಂದು ಸಭೆಗೂ ಬೇರೆಬೇರೆ ದೇಶಗಳಿಂದ ಬಂದ ತಜ್ಞರು ಕೆಲಸ ಹಂಚಿಕೊಳ್ಳುತ್ತಾರೆ: ಪ್ರಾಣಿಗಳ ಪ್ರಯೋಗ ನೋಡುವವರು, ಜೀವಕೋಶದೊಳಗಿನ ಬದಲಾವಣೆ ನೋಡುವವರು, ಮನುಷ್ಯರ ರೋಗಲೆಕ್ಕ ನೋಡುವವರು. ಎಕ್ಸ್‌ಪೋಶರ್ ತಂಡದವರು ಇವರೆಲ್ಲರ ಕಾಲಡಿಯ ನೆಲ ಗಟ್ಟಿಯಿದೆಯೇ ಎಂದು ಪರೀಕ್ಷಿಸುತ್ತಾರೆ. ಕಾಯಿಲೆ ಬಂದವರಿಗೆ ಆ ವಸ್ತು ತಗುಲಿತ್ತು ಎನ್ನುತ್ತೀರಲ್ಲ, ಅದು ನಿಮಗೆ ಗೊತ್ತಾದದ್ದು ಹೇಗೆ ಎಂಬುದು ಅವರ ಪ್ರಶ್ನೆ.

ಗೊತ್ತುಮಾಡಿಕೊಳ್ಳುವುದು ಸುಲಭವಲ್ಲ. ಬದುಕಿರುವ ಕಾರ್ಮಿಕನ ಕೊರಳಪಟ್ಟಿಗೆ ಪುಟ್ಟ ಪಂಪು ಸಿಕ್ಕಿಸಿ, ಅವನು ಉಸಿರಾಡುವ ಜಾಗದ ಗಾಳಿಯನ್ನೇ ಪಾಳಿಯುದ್ದಕ್ಕೂ ಸೋಸಬಹುದು. ಸೋಸುಕಾಗದದ ಮೇಲೆ ಕೂತ ಕಲ್ನಾರನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸುತ್ತಾರೆ. 5 ಮೈಕ್ರೋಮೀಟರಿಗಿಂತ ಉದ್ದವಿರಬೇಕು, ಉದ್ದ ಅಗಲದ ಮೂರು ಪಟ್ಟನ್ನು ಮೀರಿರಬೇಕು, ಆಗಷ್ಟೇ ಅದು ಎಣಿಕೆಗೆ ಸೇರುತ್ತದೆ. ಬೆಂಜೀನ್ ಒಳಗೆ ಹೋಗಿದ್ದರೆ ಮೂತ್ರದಲ್ಲಿ ಅದರ ಜಾಡು ಸಿಗುತ್ತದೆ. ಆರ್ಸೆನಿಕ್ ಕಾಲುಗುರಿನಲ್ಲಿ ಉಳಿಯುತ್ತದೆ. ಆದರೆ ಕ್ಯಾನ್ಸರ್ ಕಾಣಿಸಿಕೊಳ್ಳುವುದು ಮೂವತ್ತು, ನಲವತ್ತು ವರ್ಷದ ಮೇಲೆ. ಅಷ್ಟರಲ್ಲಿ ಕಾರ್ಖಾನೆ ಮುಚ್ಚಿರುತ್ತದೆ, ಕೆಲಸಗಾರ ತೀರಿಹೋಗಿರುತ್ತಾನೆ. ಆಗ ಉಳಿಯುವುದು ಹಾಜರಿ ಪುಸ್ತಕ, ಸರಕು ತರಿಸಿದ ಹಳೆಯ ಬಿಲ್ಲು, ನಿವೃತ್ತ ಮೇಸ್ತ್ರಿಯ ನೆನಪು, ಗಂಡನ ಅಂಗಿ ಒಗೆಯುವಾಗ ಎಂಥ ಧೂಳು ಉದುರುತ್ತಿತ್ತು ಎಂದು ಹೇಳಬಲ್ಲ ಹೆಂಡತಿ. ಯಾವ ಕಾಲದಲ್ಲಿ ಯಾವ ಕೆಲಸದವರಿಗೆ ಯಾವ ವಸ್ತು ಎಷ್ಟು ತಗುಲುತ್ತಿತ್ತು ಎಂಬ ದೊಡ್ಡ ಕೋಷ್ಟಕಗಳನ್ನು ಇವುಗಳಿಂದಲೇ ಕಟ್ಟುತ್ತಾರೆ. ರೋಗಿಯನ್ನು ನಿನ್ನ ಕಸುಬೇನು ಎಂದೂ ಕೇಳಬೇಕು ಎಂದು ಇಟಲಿಯ ವೈದ್ಯ ಬೆರ್ನಾರ್ದಿನೊ ರಾಮಾತ್ಸಿನಿ 1700ರಲ್ಲೇ ಬರೆದಿದ್ದ. ಈ ವಿಜ್ಞಾನದ ಬೇರು ಆ ಒಂದು ಪ್ರಶ್ನೆಯಲ್ಲಿದೆ.

ಪ್ರಶ್ನೆ ಕೇಳುವುದರಲ್ಲೇ ಎಂಥ ಇಕ್ಕಟ್ಟಿದೆ ಎಂಬುದನ್ನು ಆಲಿಸ್ ಸ್ಟೀವರ್ಟ್ ಅವರ ಕತೆ ತೋರಿಸುತ್ತದೆ. ಆಕ್ಸ್‌ಫರ್ಡಿನ ಈ ವೈದ್ಯೆ 1950ರ ದಶಕದಲ್ಲಿ, ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಏಕೆ ಹೆಚ್ಚುತ್ತಿದೆ ಎಂದು ತಿಳಿಯಲು, ಮಗುವನ್ನು ಕಳೆದುಕೊಂಡ ತಾಯಂದಿರನ್ನೇ ಕೇಳೋಣ ಎಂದರು. ಅದಕ್ಕೆ ಸಿಕ್ಕ ಹಣ ಲೇಡಿ ಟಾಟಾ ಸ್ಮಾರಕ ನಿಧಿಯ ಸಾವಿರ ಪೌಂಡು. ಆ ನಿಧಿ ಯಾರ ಹೆಸರಿನದೋ ಆ ಮೆಹರ್‌ಬಾಯಿ, ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಹಿರಿಯ ಹುದ್ದೆಯಲ್ಲಿದ್ದ ಹೋರ್ಮುಸ್‌ಜಿ ಭಾಭಾ ಅವರ ಮಗಳು. 1931ರಲ್ಲಿ ಆಕೆ ತೀರಿಕೊಂಡದ್ದು ರಕ್ತದ ಕ್ಯಾನ್ಸರಿನಿಂದ. ಗಂಡ ದೊರಾಬ್‌ಜಿ ಟಾಟಾ ಮರುವರ್ಷ ಆ ನಿಧಿ ಸ್ಥಾಪಿಸಿದರು. ಇಂಗ್ಲೆಂಡ್ ಮತ್ತು ವೇಲ್ಸಿನ ಊರೂರಿಗೆ ಪ್ರಶ್ನಾವಳಿ ಹೋಯಿತು. ಬಂದ ಉತ್ತರಗಳಲ್ಲಿ ಒಂದು ಸಂಗತಿ ಎದ್ದು ಕಂಡಿತು. ಬಸುರಿನಲ್ಲಿ ಹೊಟ್ಟೆಯ ಎಕ್ಸ್‌ರೇ ತೆಗೆಸಿಕೊಂಡಿದ್ದ ತಾಯಂದಿರು, ಮಕ್ಕಳು ಕ್ಯಾನ್ಸರಿನಿಂದ ಸತ್ತವರ ಗುಂಪಿನಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಇದ್ದರು. 1956ರಲ್ಲಿ ಮೊದಲ ವರದಿ, 1958ರಲ್ಲಿ ಪೂರ್ಣ ವರದಿ ಬಂದವು.

ವಿರೋಧಿಗಳ ಆಕ್ಷೇಪ ಕ್ರೂರವೆನಿಸಿದರೂ ತಳ್ಳಿಹಾಕುವಂಥದ್ದಲ್ಲ. ಮಗುವನ್ನು ಕಳೆದುಕೊಂಡ ತಾಯಿ ಏಕೆ ಹೀಗಾಯಿತೆಂದು ಹಗಲಿರುಳು ಹಿಂದಿನದನ್ನು ಕೆದಕುತ್ತಾಳೆ. ಆರೋಗ್ಯವಂತ ಮಗುವಿನ ತಾಯಿ ಎಕ್ಸ್‌ರೇಯನ್ನು ಮರೆತೇಬಿಟ್ಟಿರುತ್ತಾಳೆ. ಹಾಗಾದರೆ ಎರಡು ಗುಂಪಿನ ನಡುವಿನ ಅಂತರ ಎಕ್ಸ್‌ರೇಯದೋ ದುಃಖದ್ದೋ? ‘ನನಗೇ ಏಕೆ’ ಎಂಬ ಪ್ರಶ್ನೆಯೇ ಇಲ್ಲಿ ಅಳತೆಗೋಲನ್ನು ಬಾಗಿಸಬಲ್ಲದು. 1962ರಲ್ಲಿ ಅಮೆರಿಕದ ಬ್ರಯನ್ ಮ್ಯಾಕ್‌ಮಹನ್ ತಾಯಂದಿರ ನೆನಪನ್ನು ಬಿಟ್ಟು, ಕಾಯಿಲೆ ಬರುವುದಕ್ಕೆ ಎಷ್ಟೋ ಮೊದಲು ಆಸ್ಪತ್ರೆಗಳಲ್ಲಿ ಬರೆದಿಟ್ಟ ದಾಖಲೆಗಳನ್ನೇ ನೋಡಿದರು. ಅಲ್ಲೂ ಎಕ್ಸ್‌ರೇಗೆ ಒಳಗಾದ ಮಕ್ಕಳಲ್ಲಿ ಸುಮಾರು 40 ಪ್ರತಿಶತ ಹೆಚ್ಚು ಅಪಾಯ ಕಂಡಿತು. ತಾಯಂದಿರು ಹೇಳಿದ್ದು ನಿಜವಾಗಿತ್ತು. ಅವರ ಮಾತನ್ನು ನಂಬಿದ್ದಕ್ಕಾಗಿ ಸ್ಟೀವರ್ಟ್ ವರ್ಷಗಟ್ಟಲೆ ಒಂಟಿಯಾಗಿ ನಿಲ್ಲಬೇಕಾಯಿತು. ಆದರೂ ಅನುಮಾನಿಸಿದವರ ಪ್ರಶ್ನೆಗೆ ದಾಖಲೆಯಿಂದ ಉತ್ತರ ಸಿಕ್ಕದ್ದೇ ಒಳ್ಳೆಯದಾಯಿತು. ಬರೀ ಮರುಕದ ಆಧಾರದ ಮೇಲೆ ನಿಂತ ಸತ್ಯ ಎದುರು ವಕೀಲನ ಮೊದಲ ಪ್ರಶ್ನೆಗೇ ಅಲುಗಾಡುತ್ತದೆ.

ಇಲ್ಲಿ ಇನ್ನೊಂದು ಸಂಗತಿ ಇದೆ. ನೀತಿಯ ದೃಷ್ಟಿಯಿಂದ ಈ ಇಡೀ ಕಸುಬಿನಲ್ಲಿ ಅತಿ ಭಾರವಾದದ್ದು ಇದೇ. ನೆನಪು ಒಂದೇ ಕಡೆಗೆ ವಾಲಿದರೆ ಅಪಾಯ ದೊಡ್ಡದಾಗಿ ಕಾಣಬಹುದು. ಆದರೆ ಅಳತೆ ಎರಡೂ ಗುಂಪುಗಳಲ್ಲಿ ಒಂದೇ ಸಮನೆ ಮಸುಕಾಗಿದ್ದರೆ ಸಾಮಾನ್ಯವಾಗಿ ಆಗುವುದು ತದ್ವಿರುದ್ಧ: ಅಪಾಯ ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಧೂಳು ಕುಡಿದವನನ್ನು ಕುಡಿಯದವರ ಪಟ್ಟಿಗೂ ಕುಡಿಯದವನನ್ನು ಕುಡಿದವರ ಪಟ್ಟಿಗೂ ಸೇರಿಸಿಬಿಟ್ಟರೆ ಎರಡು ಪಟ್ಟಿಗಳೂ ಒಂದರಂತೆ ಒಂದು ಕಾಣತೊಡಗುತ್ತವೆ, ವಸ್ತು ನಿರಪರಾಧಿ ಎನಿಸಿಕೊಳ್ಳುತ್ತದೆ. ಅಂದರೆ ಅಜ್ಞಾನ ಇಲ್ಲಿ ತಟಸ್ಥವಲ್ಲ. ಅದು ಒಂದು ಪಕ್ಷದ ಪರವಾಗಿ ಸಾಕ್ಷಿ ಹೇಳುತ್ತದೆ. ಅಳೆಯದೆ ಬಿಟ್ಟ ಕಾರ್ಖಾನೆ, ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಗುತ್ತಿಗೆ ಕೆಲಸಗಾರ, ಮನೆಯ ಮೂಲೆಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸು, ಇವರ ರೋಗ ಸಂಖ್ಯೆಯಾಗಿ ಎಲ್ಲೂ ಏಳುವುದಿಲ್ಲ. ಪುರಾವೆ ಇಲ್ಲ ಎಂಬ ವಾಕ್ಯ ವರದಿಯಲ್ಲಿ ಬಂದಾಗ, ನೋಡಿಯೂ ಸಿಗಲಿಲ್ಲವೋ, ನೋಡಲೇ ಇಲ್ಲವೋ ಎಂದು ಪ್ರತಿಸಲ ಬಿಡಿಸಿ ಹೇಳುವುದು ಎಕ್ಸ್‌ಪೋಶರ್ ವಿಜ್ಞಾನಿಯ ಧರ್ಮ.

ಇಷ್ಟೆಲ್ಲ ಅಳೆದರೂ ಅವರು ಒಂದು ಉತ್ತರ ಕೊಡಲಾರರು. ನೂರು ಮಂದಿಯಲ್ಲಿ ಇಷ್ಟು ಜನ ಈ ಧೂಳಿಲ್ಲದಿದ್ದರೆ ಬದುಕುತ್ತಿದ್ದರು ಎಂದು ಹೇಳಬಲ್ಲರು. ಆ ಇಷ್ಟು ಜನ ಯಾರೆಂದು ಹೇಳಲಾರರು. ವಿಜ್ಞಾನದ ಸತ್ಯ ಗುಂಪಿನದು, ನೋವು ಮಾತ್ರ ಒಬ್ಬೊಬ್ಬರದು.

ಈ ಬಿರುಕು ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠದ ಮುಂದೆಯೂ ಬಂತು. ಫೇರ್‌ಚೈಲ್ಡ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ, ಒಂದಕ್ಕಿಂತ ಹೆಚ್ಚು ಮಾಲೀಕರ ಕೈಕೆಳಗೆ ಕಲ್ನಾರಿನ ಧೂಳಿನಲ್ಲಿ ದುಡಿದು ಮೆಸೊಥೆಲಿಯೋಮಾ ಬಂದವರ ಕುಟುಂಬಗಳು ಪರಿಹಾರ ಕೇಳಿದ್ದವು. ರೋಗಕ್ಕೆ ಕಲ್ನಾರೇ ಕಾರಣ ಎಂಬುದರಲ್ಲಿ ಜಗಳವಿರಲಿಲ್ಲ. ಆದರೆ ಯಾವ ಮಾಲೀಕನ ಕಾಲದಲ್ಲಿ ಒಳಗೆ ಹೋದ ನಾರು ರೋಗ ತಂದಿತು? ಅದನ್ನು ಯಾವ ವಿಜ್ಞಾನಿಯೂ ಹೇಳಲಾರ. ಹೇಳಲಾಗದು ಎಂಬ ಕಾರಣಕ್ಕೆ ಮೇಲ್ಮನವಿ ನ್ಯಾಯಾಲಯ ಪರಿಹಾರ ನಿರಾಕರಿಸಿತು. ಹಾಗೆಂದರೆ ಇಬ್ಬರು ತಪ್ಪು ಮಾಡಿದರೆ ಇಬ್ಬರೂ ಪಾರು, ಒಬ್ಬನೇ ಮಾಡಿದ್ದರೆ ಮಾತ್ರ ಹೊಣೆ ಎಂದಾಯಿತು. 2002ರಲ್ಲಿ ಹೌಸ್ ಆಫ್ ಲಾರ್ಡ್ಸ್ ಇದನ್ನು ತಿರುಗಿಸಿತು: ಕೆಲಸಗಾರನಿಗೆ ರೋಗ ಬರುವ ಸಾಧ್ಯತೆಯನ್ನು ಗಣನೀಯವಾಗಿ ಹೆಚ್ಚಿಸಿದ್ದೇ ಹೊಣೆಗಾರಿಕೆಗೆ ಸಾಕು. ಯಾವ ಮಾಲೀಕ ಎಷ್ಟು ಪಾಲು ಕೊಡಬೇಕೆಂಬ ವಿವಾದ 2006ರಲ್ಲಿ ಮತ್ತೆ ಎದ್ದಾಗ, ಸಂತ್ರಸ್ತರು ಯಾವ ಒಬ್ಬ ತಪ್ಪಿತಸ್ಥನಿಂದಲಾದರೂ ಪೂರ್ತಿ ಪರಿಹಾರ ಪಡೆಯಬಹುದೆಂದು ಪಾರ್ಲಿಮೆಂಟೇ ಕಾನೂನು ಮಾಡಿತು. ಕಾರ್ಯಕಾರಣದ ಕೊಂಡಿ ಕೊನೆಯವರೆಗೂ ಕಾಣದಿದ್ದರೂ ಹೊಣೆ ಇರುತ್ತದೆ ಎಂಬ ತೀರ್ಮಾನ ಇದು. ತತ್ತ್ವಶಾಸ್ತ್ರದ ತರಗತಿಗಳಲ್ಲಿ ಬಗೆಹರಿಯದ ಒಂದು ತೊಡಕನ್ನು ನ್ಯಾಯಮೂರ್ತಿಗಳು ನ್ಯಾಯದ ಕಡೆಗೆ ಬಿಡಿಸಿದರು.

ಈಚೆಗೆ ಕೆಲವು ಕಡೆ ಆ ಬಿರುಕು ಕಿರಿದಾಗುತ್ತಿದೆ. ಕೆಲವು ವಸ್ತುಗಳು ಡಿಎನ್‌ಎಯನ್ನು ಕೆಡಿಸುವಾಗ ತಮ್ಮದೇ ಗುರುತು ಬಿಟ್ಟುಹೋಗುತ್ತವೆ. ಕ್ರೊಯೇಷಿಯಾ, ಸರ್ಬಿಯಾ, ರುಮೇನಿಯಾದ ನದೀತೀರದ ಹಳ್ಳಿಗಳಲ್ಲಿ ಮೂತ್ರಪಿಂಡ ಕುಗ್ಗಿ, ಮೂತ್ರನಾಳದ ಕ್ಯಾನ್ಸರ್ ಬರುತ್ತಿದ್ದುದಕ್ಕೆ ದಶಕಗಳ ಕಾಲ ಕಾರಣ ಗೊತ್ತಿರಲಿಲ್ಲ. ಗೋಧಿ ಹೊಲದ ಕಳೆಯಾದ ಅರಿಸ್ಟೊಲೋಕಿಯಾ ಗಿಡದ ಬೀಜ ಕಾಳಿನೊಡನೆ ಸೇರಿ ರೊಟ್ಟಿಗೆ ಬಂದಿತ್ತು ಎಂಬುದಕ್ಕೆ ಗೆಡ್ಡೆಯೊಳಗಿನ ಆ ಗುರುತೇ ಸಾಕ್ಷಿಯಾಯಿತು. ನಮ್ಮಲ್ಲಿ ನಾಟಿ ಔಷಧಕ್ಕೆ ಬಳಸುವ ಈಶ್ವರಿ ಬೇರು ಇದೇ ಕುಲದ ಗಿಡದ್ದು. ಮನೆಮದ್ದು ಎಂದೊಡನೆ ನಿರಪಾಯ ಎಂದು ನಂಬುವವರು ಇದನ್ನು ತಿಳಿದಿರಬೇಕು. 2024ರಲ್ಲಿ 11 ದೇಶಗಳ 962 ಮೂತ್ರಪಿಂಡದ ಕ್ಯಾನ್ಸರುಗಳನ್ನು ಓದಿದಾಗ ಜಪಾನಿನ 70 ಪ್ರತಿಶತಕ್ಕೂ ಹೆಚ್ಚು ರೋಗಿಗಳಲ್ಲಿ ಒಂದೇ ಬಗೆಯ ಗುರುತು ಕಂಡಿತು. ಬೇರೆ ದೇಶಗಳಲ್ಲಿ ಅದು ಇಲ್ಲವೆಂಬಷ್ಟು ಅಪರೂಪ. ಗುರುತು ಸಿಕ್ಕಿತು, ಬಿಟ್ಟವರು ಯಾರೆಂದು ಆ ಅಧ್ಯಯನಕ್ಕೆ ಹೇಳಲಾಗಲಿಲ್ಲ. ಅದಕ್ಕೆ ಮೊದಲು, 2021ರಲ್ಲಿ, ಎಂಟು ದೇಶಗಳ 552 ಅನ್ನನಾಳದ ಕ್ಯಾನ್ಸರುಗಳನ್ನು ಹೀಗೇ ಓದಿದ್ದರು. ರೋಗದ ಪ್ರಮಾಣ ದೇಶದಿಂದ ದೇಶಕ್ಕೆ ಬಹಳ ವ್ಯತ್ಯಾಸವಿದ್ದರೂ ಗೆಡ್ಡೆಗಳ ಗುರುತುಗಳಲ್ಲಿ ಅದನ್ನು ವಿವರಿಸುವಂಥ ಭೇದ ಕಾಣಲಿಲ್ಲ. ಅಂದರೆ ಗುರುತು ಬಿಡದೆ ಕೊಲ್ಲುವವೂ ಇರಬಹುದು.

ಇನ್ನು ಅದೃಷ್ಟದ ಮಾತು. 2015ರ ಜನವರಿಯಲ್ಲಿ ಅಮೆರಿಕದ ಕ್ರಿಸ್ಟಿಯನ್ ತೊಮಾಸೆಟ್ಟಿ ಮತ್ತು ಬರ್ಟ್ ವೋಗೆಲ್‌ಸ್ಟೈನ್ ಒಂದು ಪ್ರಬಂಧ ಪ್ರಕಟಿಸಿದರು. ದೇಹದ ಒಂದು ಅಂಗಕ್ಕಿಂತ ಇನ್ನೊಂದಕ್ಕೆ ಕ್ಯಾನ್ಸರ್ ಹೆಚ್ಚಾಗಿ ಬರುವುದರ ಮೂರನೇ ಎರಡರಷ್ಟು ವ್ಯತ್ಯಾಸವನ್ನು, ಆ ಅಂಗದ ಮೂಲಕೋಶಗಳು ಎಷ್ಟು ಸಲ ಒಡೆದು ಇಮ್ಮಡಿಯಾಗುತ್ತವೆ ಎಂಬುದರಿಂದ ವಿವರಿಸಬಹುದು ಎಂಬುದು ಅವರ ವಾದ. ಪ್ರತಿ ಸಲ ನಕಲಾಗುವಾಗಲೂ ತಪ್ಪಾಗುವ ಸಾಧ್ಯತೆ ಇರುತ್ತದೆ, ಅದು ಆಕಸ್ಮಿಕ. ಪತ್ರಿಕೆಗಳಲ್ಲಿ ಇದು ಕ್ಯಾನ್ಸರಿನಲ್ಲಿ ಮೂರನೇ ಎರಡು ಪಾಲು ಬರೀ ದುರದೃಷ್ಟ ಎಂದಾಯಿತು. ಅದೇ ತಿಂಗಳು ಐಎಆರ್‌ಸಿ ಬಹಿರಂಗವಾಗಿ ಆಕ್ಷೇಪಿಸಿತು: ಜಗತ್ತಿನ ಕ್ಯಾನ್ಸರುಗಳಲ್ಲಿ ಹತ್ತಿರ ಹತ್ತಿರ ಅರ್ಧವನ್ನು ತಡೆಯಬಹುದು, ಒಂದೇ ಕ್ಯಾನ್ಸರ್ ಒಂದು ದೇಶದಲ್ಲಿ ಹೆಚ್ಚು ಇನ್ನೊಂದರಲ್ಲಿ ಕಡಿಮೆ ಇರುವುದನ್ನು ಅದೃಷ್ಟ ವಿವರಿಸಲಾರದು. ದೈವ ದೊಡ್ಡದೋ ಪುರುಷಕಾರ ದೊಡ್ಡದೋ ಎಂಬ ಚರಕನ ಕಾಲದ ವಾಗ್ವಾದ ಪ್ರಯೋಗಶಾಲೆಯ ಭಾಷೆಯಲ್ಲಿ ಮರುಹುಟ್ಟು ಪಡೆದಂತಿತ್ತು. ಎರಡೂ ಕಡೆ ಸತ್ಯವಿದೆ. ಚೌಕಾಬಾರದಲ್ಲಿ ಯಾರಿಗೆ ಎಷ್ಟು ಬೀಳುತ್ತದೆ ಎಂಬುದು ಕವಡೆಗೆ ಬಿಟ್ಟದ್ದು. ಆದರೆ ಒಬ್ಬನ ಕೈಗೆ ಮತ್ತೆ ಮತ್ತೆ ಕವಡೆ ತುರುಕಿ ಎಸೆ ಎನ್ನುವವರು ಆಟದ ಹೊರಗಿನವರಲ್ಲ. ಯಾರಿಗೆ ರೋಗ ಬಂತು ಎಂಬುದರಲ್ಲಿ ಆಕಸ್ಮಿಕದ ಪಾಲು ಎಷ್ಟೇ ಇರಲಿ, ಎಷ್ಟು ಜನರಿಗೆ ಬಂತು ಎಂಬುದರಲ್ಲಿ ಮನುಷ್ಯರ ಕೈವಾಡ ಬೇಕಾದಷ್ಟಿದೆ.

ಚೀನಾದ ಯುನ್ನಾನ್ ಪ್ರಾಂತ್ಯದ ಶುವಾನ್‌ವೇ ಇದಕ್ಕೆ ಕಣ್ಣಿಗೆ ಕಟ್ಟುವ ನಿದರ್ಶನ. ಅಲ್ಲಿನ ಹೆಂಗಸರು ಬಹುಮಟ್ಟಿಗೆ ಸಿಗರೇಟು ಸೇದುವವರಲ್ಲ. ಆದರೂ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಹೆಂಗಸರ ಪ್ರಮಾಣ ಇಡೀ ಚೀನಾದಲ್ಲೇ ಅತಿ ಹೆಚ್ಚಿನದಾಗಿತ್ತು. ಮನೆಯೊಳಗೆ, ಹೊಗೆಗೂಡಿಲ್ಲದ ಒಲೆಗುಂಡಿಯಲ್ಲಿ, ದಟ್ಟ ಹೊಗೆಯ ಕಲ್ಲಿದ್ದಲು ಉರಿಸಿ ಅಡುಗೆ ಮಾಡುವುದು ಅಲ್ಲಿನ ರೂಢಿಯಾಗಿತ್ತು. ಅಡುಗೆಮನೆಯ ಗಾಳಿಯನ್ನು ಅಳೆದಾಗ ಅಪರಾಧಿ ಸಿಕ್ಕಿತು. ಒಲೆಗೆ ಚಿಮಣಿ ಹಾಕಿಸಿಕೊಂಡ ಮನೆಗಳ ರೋಗಪ್ರಮಾಣವನ್ನು 21,000ಕ್ಕೂ ಹೆಚ್ಚು ರೈತರಲ್ಲಿ ಹಿಂಬಾಲಿಸಿ ನೋಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಗಂಡಸರಲ್ಲೂ ಹೆಂಗಸರಲ್ಲೂ ಶ್ವಾಸಕೋಶದ ಕ್ಯಾನ್ಸರ್ ಹತ್ತಿರ ಹತ್ತಿರ ಅರ್ಧಕ್ಕಿಳಿದಿತ್ತು. ಮನೆಯೊಳಗಿನ ಕಲ್ಲಿದ್ದಲ ಹೊಗೆ ಈಗ ಐಎಆರ್‌ಸಿಯ ಒಂದನೇ ಗುಂಪಿನಲ್ಲಿದೆ, ಸೌದೆಯ ಹೊಗೆ ಅದರ ಕೆಳಗಿನ ಗುಂಪಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹುಟ್ಟುಹಾಕಿದ ಅಸ್ತ್ರ ಕೇಂದ್ರದಿಂದ ಬಂದ ಚಿಮಣಿಯ ಒಲೆ, ನಮ್ಮ ಹಳ್ಳಿಗಳಲ್ಲಿ ಅಸ್ತ್ರ ಒಲೆ ಎಂದೇ ಹೆಸರಾದದ್ದು, ಸೌದೆ ಉಳಿಸಿ ಹೊಗೆಯನ್ನು ಹೊರಗಟ್ಟಿತು. ಚಿಮಣಿಯಿಂದ ಉಳಿದವರು ತಾವು ಉಳಿದೆವೆಂದು ತಿಳಿಯುವುದಿಲ್ಲ. ಹರಕೆ ಹೊತ್ತು ವಾಸಿಯಾದವನಿಗೆ ತೀರಿಸಲು ಒಂದು ಗುಡಿ ಇರುತ್ತದೆ. ರೋಗವೇ ಬಾರದೆ ಹೋದವನಿಗೆ ತಾನು ಯಾರಿಗೆ ಋಣಿ ಎಂಬುದೂ ಗೊತ್ತಿಲ್ಲ. ಅಂಥವರಿಗಾಗಿ ಇಡೀ ಆಯುಸ್ಸು ದುಡಿಯುವುದು, ಫಲದ ಮುಖ ನೋಡದೆ ಮಾಡುವ ಕರ್ಮ ಎನ್ನುವುದಕ್ಕೆ ಬಹಳ ಹತ್ತಿರದ್ದು.

ಕನ್ನಡನಾಡಿಗೆ ಈ ಪ್ರಶ್ನೆ ನೇರವಾಗಿ ತಾಗುವುದು ಅಡಿಕೆಯಲ್ಲಿ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕ. ವೀಳ್ಯದೆಲೆಯ ಮೇಲೆ ಅಡಿಕೆಯಿಟ್ಟು ಗಣಪತಿಯೆಂದು ಪೂಜಿಸುವವರು ನಾವು. ನಿಶ್ಚಿತಾರ್ಥದಲ್ಲಿ ತಾಂಬೂಲ ಬದಲಾಗದೆ ಮಾತು ಗಟ್ಟಿಯಾಗದು. ಐಎಆರ್‌ಸಿ 1985ರಲ್ಲಿ ಇದನ್ನು ಪರಿಶೀಲಿಸಿದಾಗ ಹೊಗೆಸೊಪ್ಪು ಸೇರಿದ ತಾಂಬೂಲವನ್ನು ಮಾತ್ರ ಕ್ಯಾನ್ಸರ್‌ಕಾರಕ ಎಂದಿತ್ತು. ಅಗಿಯುವವರು ಎರಡನ್ನೂ ಒಟ್ಟಿಗೇ ಬಾಯಿಗೆ ಹಾಕುತ್ತಿದ್ದಾಗ ತಪ್ಪು ಯಾವುದರದೆಂದು ಬಿಡಿಸುವುದು ಹೇಗೆ? ದಾರಿ ತೋರಿಸಿದ್ದು ತೈವಾನ್. ಅಲ್ಲಿನ ಜನ ಅಡಿಕೆ ಅಗಿಯುತ್ತಾರೆ, ಜೊತೆಗೆ ಹೊಗೆಸೊಪ್ಪು ಹಾಕುವುದಿಲ್ಲ. ಬಾಯಿಯ ಕ್ಯಾನ್ಸರ್ ಮಾತ್ರ ಅಲ್ಲೂ ಇತ್ತು. 2003ರ ಸಭೆಯಲ್ಲಿ ಹೊಗೆಸೊಪ್ಪಿಲ್ಲದ ತಾಂಬೂಲವೂ ಅಡಿಕೆಯೂ ಒಂದನೇ ಗುಂಪಿಗೆ ಬಂದವು.

ಮಲೆನಾಡಿನ ಬೆಳೆಗಾರರಿಗೆ ಇದು ಕಹಿ ಸುದ್ದಿ. ಅವರ ಆತಂಕವನ್ನು ಹಗುರಾಗಿ ಕಾಣಬಾರದು. ತೋಟವೆಂದರೆ ಅಲ್ಲಿ ಮಕ್ಕಳ ಓದು, ಮದುವೆ, ಮುಪ್ಪು ಎಲ್ಲವೂ. ಆದರೆ ಅಳೆಯುವವರ ಮಾತನ್ನು ಪೂರ್ತಿ ಕೇಳಿಸಿಕೊಂಡರೆ ಅದು ಧರ್ಮಕ್ಕೆ ವಿರುದ್ಧವಾದ ಮಾತಲ್ಲ ಎಂದು ತಿಳಿಯುತ್ತದೆ. ಒಂದನೇ ಗುಂಪು ಹೇಳುವುದು ಈ ವಸ್ತು ಕ್ಯಾನ್ಸರ್ ತರಬಲ್ಲದು ಎಂದಷ್ಟೇ. ಯಾರಿಗೆ ಎಷ್ಟು ಅಪಾಯ ಎಂಬುದು ಒಳಗೆ ಹೋದ ಪ್ರಮಾಣವನ್ನು ಅವಲಂಬಿಸಿದೆ. ಕಳಸದ ಮುಂದಿಟ್ಟ ಅಡಿಕೆ ಯಾರ ಮೈಯನ್ನೂ ಸೇರುವುದಿಲ್ಲ. ಹಬ್ಬದೂಟದ ಮೇಲೆ ಅಪರೂಪಕ್ಕೆ ಒಮ್ಮೆ ಎಲೆಯಡಿಕೆ ಹಾಕುವವರ ಲೆಕ್ಕ ಬೇರೆ, ಬೆಳಗಿನಿಂದ ರಾತ್ರಿವರೆಗೆ ಕೆನ್ನೆಯಲ್ಲಿ ಅಡಿಕೆಪುಡಿ ಒತ್ತರಿಸಿಕೊಂಡೇ ಲಾರಿ ಓಡಿಸುವವನ ಲೆಕ್ಕ ಬೇರೆ. ಬಾಯಿಯ ಒಳಪದರ ನಾರುಗಟ್ಟಿ, ಎರಡು ಬೆರಳು ತೂರುವಷ್ಟೂ ಬಾಯಿ ತೆರೆಯಲಾಗದೆ ಬರುವ ಹುಡುಗರನ್ನು ದಂತವೈದ್ಯರು ನೋಡುತ್ತಿದ್ದಾರೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಬಳಿಕ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ಹೊಗೆಸೊಪ್ಪು ಇನ್ನೊಂದು ಪೊಟ್ಟಣದಲ್ಲಿ ಗೂಡಂಗಡಿಗಳಲ್ಲಿ ಅಕ್ಕಪಕ್ಕ ನೇತಾಡತೊಡಗಿದವು.

ಆ ಹುಡುಗನಿಗೆ ಚಟ ನಿನ್ನದೇ, ಅನುಭವಿಸು ಎನ್ನುವುದು ಸುಲಭ. ಎಕ್ಸ್‌ಪೋಶರ್ ವಿಜ್ಞಾನಿಯ ಪ್ರಶ್ನಾವಳಿಯಲ್ಲಿ ಅಗಿಯಲು ಶುರುಮಾಡಿದಾಗ ವಯಸ್ಸು ಎಷ್ಟು, ದಿನಕ್ಕೆ ಎಷ್ಟು ಪೊಟ್ಟಣ, ಎಷ್ಟು ಹೊತ್ತು ಬಾಯಲ್ಲಿರುತ್ತದೆ, ರಸ ನುಂಗುವುದೋ ಉಗುಳುವುದೋ ಎಂಬ ಸಾಲುಗಳಿರುತ್ತವೆ. ಅವುಗಳ ಕೆಳಗೆ ಇನ್ನೂ ಕೆಲವು ಸೇರಬೇಕು: ಹನ್ನೆರಡರ ವಯಸ್ಸಿನಲ್ಲಿ ಅದನ್ನು ಅವನಿಗೆ ಮಾರಿದವರು ಯಾರು, ಶಾಲೆಯಿಂದ ಆ ಅಂಗಡಿ ಎಷ್ಟು ದೂರ, ಅದರ ಜಾಹೀರಾತಿಗೆ ಮುಖ ಕೊಟ್ಟವರು ಯಾರು, ಅದರಿಂದ ಬಂದ ತೆರಿಗೆ ಯಾವ ಖಜಾನೆಗೆ ಸೇರಿತು. ಜನಪದದ ಮುಖ್ಯಸ್ಥರ ಮತ್ತು ವರ್ತಕರ ಹೆಸರು ಹಿಡಿದು ಮಾತಾಡಿದ ಆತ್ರೇಯರು ಈ ಸಾಲುಗಳಿಗೆ ಬೇಡ ಎನ್ನುತ್ತಿರಲಿಲ್ಲ.